ಪಂಪಿಗೆ ಜಾವಾಸ್ಕ್ರಿಪ್ಟ್ ಕಲಿಸಿದ್ದು

ಸುಜಿತನ ಮನೆಯ ಪಂಪನ್ನು ಎರಡು ವರ್ಷದಿಂದ ಮೊಬೈಲಿನ ಒಂದು ಆ್ಯಪ್, ಪಂಪಿಗೆ ಜೋಡಿಸಿದ ಪುಟ್ಟ ಯಂತ್ರವೊಂದರ ಮೂಲಕ ಸುಸೂತ್ರವಾಗಿ ನಡೆಸಿಕೊಂಡು ಬಂದಿತ್ತು. ಟ್ಯಾಂಕ್ ಖಾಲಿಯಾದರೆ ಚಾಲೂ, ತುಂಬಿದರೆ ಬಂದ್. ಒಂದು ದಿನ ಅದೇ ಆ್ಯಪ್, 'ಇನ್ನು ಈ ನಿಯಮಗಳನ್ನು ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲೂ ಬರೆಯಬಹುದು' ಎಂದು ತಿಳಿಸಿತು. ಬರೆಯಲೇಬೇಕು ಎಂದೇನೂ ಇರಲಿಲ್ಲ. ಆದರೆ ಸುಜಿತ, ಒಳಗೆ ಏನಿದೆ ಎಂಬ ಕುತೂಹಲಕ್ಕೆ ಮದುವೆಗೆ ಉಡುಗೊರೆ ಬಂದ ಮಿಕ್ಸಿಯನ್ನೂ ಬಿಚ್ಚಿಟ್ಟವನು.

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹಳೆಯ ನಿಯಮ ಅಳಿಸಿ, ವಿಡಿಯೋ ನೋಡುತ್ತ ಹೊಸದನ್ನು ಬರೆದ. 'ಪಂಪು ಚಾಲೂ ಆಗಿದೆ' ಎಂದಿತು ಫೋನು. ಬಾವಿಕಟ್ಟೆಯ ಮೇಲಿನ ಪಂಪು ಮಾತ್ರ ಊಟ ಮಾಡಿ ಮಲಗಿದ ಭಟ್ಟರಂತೆ ತೆಪ್ಪಗಿತ್ತು.

"ಹ್ವಾಯ್, ನಲ್ಲಿಯಗೆ ನೀರ್ ಬತ್ತಿಲ್ಲೆ," ಅಡುಗೆಮನೆಯಿಂದ ಹೆಂಡತಿ ಮೋಕ್ಷಿತಾ ಕೂಗಿದಳು. "ಮಧ್ಯಾಹ್ನಕ್ಕೆ ಬೈಂದೂರಿಂದ ಅಮ್ಮ ಬತ್ರ್. ಸ್ವಿಚ್ ಒತ್ತಿ ಕಾಂಬ!"

"ಸ್ವಿಚ್ ಒತ್ತುದಾದ್ರೆ ಇಷ್ಟೆಲ್ಲ ಬರ್ದದ್ದ್ ಎಂತಕ್? ಎಲ್ ತಪ್ಪಿತ್ತ್ ಅಂದ್ ಗೊತ್ತಾಯ್ಕ್ ಮೊದ್ಲ್."

ಅಷ್ಟರಲ್ಲಿ ಪಕ್ಕದ ಮನೆಯ ಕುಷ್ಟಣ್ಣ ಬಂದ. ಎರಡು ಮನೆಗೂ ನಡುವಿನ ಬಾವಿ ಒಂದೇ. ಮನೆಯವರೆಲ್ಲ ಕೊಕ್ಕರ್ಣೆಗೆ ಮದುವೆಗೆ ಹೋಗಿದ್ದರಿಂದ ಅವನಿಗೂ ಹೊತ್ತು ಹೋಗುತ್ತಿರಲಿಲ್ಲ. ಸುಜಿತನ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತ.

"ಈ ಸೊಟ್ಟ ಬ್ರಾಕೆಟ್ ಎಂತಕ್ಕ್ ಮಾರಾಯ?"

"ಅದ್ ಬೇಕ್ ಕುಷ್ಟಣ್ಣ."

"ಒಂದ್ ತೆಗ್ದ್ ಕಾಣ್."

ತೆಗೆದ, ಪರದೆ ತುಂಬ ಕೆಂಪು ಗೆರೆ. ಮತ್ತೆ ಹಾಕಿದ. ಎದುರುಮನೆಯ ರಿಕ್ಷಾದ ನಾಗ ಬಂದು, ಫೋನನ್ನು ಆಫ್ ಮಾಡಿ ಆನ್ ಮಾಡುವಂತೆ ಹೇಳಿದ. ಅದೂ ಆಯಿತು. ಪ್ರತಿ ಸಲವೂ ಫೋನು 'ಚಾಲೂ ಆಗಿದೆ' ಎಂದು ಆಣೆ ಮಾಡಿದಂತೆ ಹೇಳುತ್ತಿತ್ತು. ಮೂವರೂ ಓಡಿಹೋಗಿ ಪಂಪಿಗೆ ಕಿವಿಗೊಟ್ಟು ವಾಪಸು ಬರುತ್ತಿದ್ದರು. ಸುಜಿತನಿಗೆ ಸಿಟ್ಟಿಗಿಂತ ಸೋಜಿಗ ಹೆಚ್ಚಾಗಿತ್ತು. ಹೊರಟ ಆಜ್ಞೆ ಹೋಗುವುದಾದರೂ ಎಲ್ಲಿಗೆ?

ಮೋಕ್ಷಿತಾ ಕೊಡಪಾನ ಎತ್ತಿಕೊಂಡಳು. "ನಮ್ಮ್ ಹಿಂದಿನ ನಲ್ಲಿಯಗೆ ಹಿಡ್ಕೊ ಹೆಣ್ಣೆ," ಎಂದ ಕುಷ್ಟಣ್ಣ ಧಾರಾಳವಾಗಿ.

ಹೋದವಳು ಖಾಲಿ ಕೊಡಪಾನದೊಂದಿಗೆ ಓಡಿ ಬಂದಳು. "ಕುಷ್ಟಣ್ಣ, ನಿಮ್ಮ್ ಟ್ಯಾಂಕ್ ತುಂಬಿ ಹರೀತಾ ಇತ್ತ್! ಹಿತ್ಲಗೆ ಕೊಕ್ಕರೆ ಇಳ್ದಿತ್ತ್!"

ಸುಜಿತನ ತಲೆಯಲ್ಲಿ ದೀಪ ಹತ್ತಿತು. ಕುಷ್ಟಣ್ಣನ ಪಂಪಿಗೂ ಇದೇ ಯಂತ್ರವನ್ನು ಕಳೆದ ದೀಪಾವಳಿಗೆ ಜೋಡಿಸಿಕೊಟ್ಟವನು ಅವನೇ. ತನ್ನದೇ ಆ್ಯಪಿಗೆ ಸೇರಿಸಿ, ಅದಕ್ಕೂ 'ಪಂಪು' ಎಂದೇ ಹೆಸರಿಟ್ಟಿದ್ದ. ಜಾವಾಸ್ಕ್ರಿಪ್ಟ್ ಆ ಹೆಸರಿನಲ್ಲಿ ಮೊದಲು ಸಿಕ್ಕಿದ್ದನ್ನು ಓಡಿಸಿತ್ತು. ಕುಷ್ಟಣ್ಣನ ಪಂಪು ಬಾವಿಯೊಳಗೆ ಮುಳುಗಿ ಕೆಲಸ ಮಾಡುವಂಥದ್ದು, ಹೊರಗೆ ಸದ್ದಿಲ್ಲ. ಹೊಸ ನಿಯಮದ ಪ್ರಕಾರ ಸುಜಿತನ ಟ್ಯಾಂಕ್ ತುಂಬಿದರೆ ಮಾತ್ರ ಅದು ನಿಲ್ಲಬೇಕಿತ್ತು. ಸುಜಿತನ ಟ್ಯಾಂಕ್ ತುಂಬುವುದೆಲ್ಲಿಂದ!

ಅದನ್ನು ಬಂದ್ ಮಾಡಿ, ತನ್ನ ಪಂಪಿಗೆ ಬೇರೆ ಹೆಸರಿಟ್ಟು, ನಿಯಮದಲ್ಲೂ ಅದೇ ಹೆಸರು ಬರೆದು, ಉಸಿರು ಬಿಗಿಹಿಡಿದು ಒತ್ತಿದ. ಬಾವಿಕಟ್ಟೆಯ ಪಂಪು ಗುರ್ರೆಂದು ಎದ್ದಿತು.

"ಬಂತ್!" ಮೂವರೂ ಕುಣಿದರು.

ಪಂಪು ಎರಡು ಸಲ ಗೂರಲು ಬಂದವರಂತೆ ಕೆಮ್ಮಿತು. ಪೈಪಿನಿಂದ ಬರೀ ಗಾಳಿ ಬಂತು. ಬಾವಿಗೆ ಬಗ್ಗಿ ನೋಡಿದರೆ ತಳದ ಕೆಸರಿನಲ್ಲಿ ಕಪ್ಪೆಯೊಂದು ಇವರನ್ನೇ ನೋಡುತ್ತಿತ್ತು. ಬಾವಿಯ ನೀರೆಲ್ಲ ಕುಷ್ಟಣ್ಣನ ಟ್ಯಾಂಕಿಗೂ ತೆಂಗಿನ ಬುಡಕ್ಕೂ ಹೋಗಿ ಆಗಿತ್ತು.

ಅದೇ ಹೊತ್ತಿಗೆ ಅತ್ತೆ ರತ್ನಮ್ಮ ಬಸ್ಸಿಳಿದು ಬೆವರು ಒರೆಸಿಕೊಳ್ಳುತ್ತ ಬಂದರು. "ಎಂಥಾ ಸೆಕೆ! ಮೊದ್ಲ್ ಒಂದ್ ಸಲ ಮಿಂದ್ಕಂಡ್ ಬತ್ತೆ."

ಸುಜಿತ ಬಾಯಿ ತೆರೆಯುವ ಮೊದಲೇ ಕುಷ್ಟಣ್ಣ, "ನಮ್ಮನಿಗ್ ಬನಿ ಅಕ್ಕಾ, ಟ್ಯಾಂಕ್ ಭರ್ತಿ ಇತ್ತ್," ಎಂದು ಕರೆದುಕೊಂಡು ಹೋದ.

ಅತ್ತೆ ತಂಪಾಗಿ ಮಿಂದು, ಒದ್ದೆ ಕೂದಲು ಕೊಡವುತ್ತ ವಾಪಸು ಬಂದರು. ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮರುಕದಿಂದ ಹೇಳಿದರು:

"ಮನಿ ಅಂದ್ರೆ ಹಾಂಗಿರ್ಕ್ ಅಳಿಯಾ. ಅವ್ರ ಪಂಪಿಗ್ ಅದೆಂಥದೋ ಮಿಷನ್ ಹಾಕಿದ್ ಯಾರ್ ಅಂದ್ ಒಂಚೂರ್ ಕೇಣಿ. ನಿಮ್ಮದಕ್ಕೂ ಅವ್ರನ್ನೇ ಕರೆಸಿ."