ದ್ರಾಕ್ಷಿಬಳ್ಳಿಗೆ ನೀರು ಹಾಕಬಾರದೆಂಬ ಕಟ್ಟಪ್ಪಣೆ

ಒಂದು ಬಳ್ಳಿಗೆ ನೀರು ಹಾಕುವುದರಲ್ಲಿ ಎಂತಹ ಫಜೀತಿ ಇದ್ದೀತು ಎಂದು ಕೇಳುವವರು ಕುಲಶೇಖರದ ನಮ್ಮ ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದು ನೋಡಬೇಕಿತ್ತು. ಅಲ್ಲಿ ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಹುಟ್ಟುತ್ತಿತ್ತು. ಇದು ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ನಾನು ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದೆ, ಉಳಿದುಕೊಂಡದ್ದು ಅಕ್ಕ-ಭಾವನ ಜೊತೆ. ಭಾವ ಕೋರ್ಟಿನಲ್ಲಿ ಕೆಲಸಕ್ಕಿದ್ದರು.

ನಗುವ ಮೊದಲು ಒಂದು ಸಂಗತಿ ಹೇಳಿಬಿಡಬೇಕು. ಅವರಿಗೆ ಒಬ್ಬಳೇ ಮಗಳಿದ್ದಳು. ವಿಷಮಶೀತ ಜ್ವರದಲ್ಲಿ ಮಲಗಿದ ಅವಳಿಗೆ ನೀರು ಕೊಡಲೇಬಾರದು ಎಂದು ವೈದ್ಯರು ಹೇಳಿದ್ದರು. ಆ ಕಾಲದ ಪಥ್ಯ ಹಾಗಿತ್ತು. ಬಾಯಿ ತೀರಾ ಒಣಗಿದರೆ ಒಂದೆರಡು ದ್ರಾಕ್ಷಿ ಚೀಪಲಿ ಎಂದಿದ್ದರು. ಮಗು ನೀರು, ನೀರು ಎಂದು ಬೇಡುತ್ತಿತ್ತು. ತಡೆಯಲಾರದೆ ಅಕ್ಕ ಚೆಂಬು ಹಿಡಿದು ಹೋದಾಗ ಭಾವ ಬಾಗಿಲಲ್ಲಿ ನಿಂತು ಅದನ್ನು ಕೈಯಿಂದ ಕಸಿದುಕೊಂಡರು. ಮಗು ಉಳಿಯಲಿಲ್ಲ.

ಅಂದಿನಿಂದ ಅಕ್ಕ ಭಾವನ ಹತ್ತಿರ ಮಾತು ಬಿಟ್ಟಳು. ಬಡಿಸುವುದು, ಬಟ್ಟೆ ಒಗೆಯುವುದು ಎಲ್ಲ ನಡೆಯುತ್ತಿತ್ತು, ಮಾತು ಮಾತ್ರ ಇಲ್ಲ. ಹೇಳಬೇಕಾದದ್ದೆಲ್ಲ ನನ್ನ ಮೂಲಕ. ಮೂವರೂ ಒಂದೇ ಚಾವಡಿಯಲ್ಲಿ ಕೂತಿದ್ದಾಗಲೂ "ತಮ್ಮ, ಊಟಕ್ಕೆ ಏಳ್ಲಿಕ್ಕೆ ನಿನ್ನ ಭಾವನಿಗೆ ಹೇಳು" ಎನ್ನುವಳು. ಭಾವನೂ ಅಷ್ಟೇ, ನಾನು ಹೇಳುವವರೆಗೆ ಏಳುತ್ತಿರಲಿಲ್ಲ.

ಮಗು ಚೀಪಿ ಉಗಿದ ಬೀಜಗಳನ್ನು ಅಕ್ಕ ಹಿತ್ತಿಲ ಬಾವಿಯ ಹತ್ತಿರ ಮಣ್ಣಿಗೆ ಹಾಕಿದ್ದಳು. ಅವುಗಳಲ್ಲಿ ಒಂದು ಮೊಳೆತು ಬಳ್ಳಿಯಾಯಿತು.

ಉಪ್ಪು

ದ್ರಾಕ್ಷಿ ಬೆಳೆಸುವುದು ನಮ್ಮ ಕಡೆ ಯಾರಿಗೆ ಗೊತ್ತು? ನಮಗೆ ಗೊತ್ತಿದ್ದದ್ದು ತೆಂಗು. ಹಾಗಾಗಿ ಗೇಣುದ್ದದ ಬಳ್ಳಿಯ ಸುತ್ತ ತೆಂಗಿಗೆ ತೋಡುವಷ್ಟೇ ದೊಡ್ಡ ಗುಂಡಿ ತೋಡಿ ಬೆಳಿಗ್ಗೆ, ಸಂಜೆ ಕೊಡಪಾನಗಟ್ಟಲೆ ನೀರು ತುಂಬಿಸಿದೆವು. ಬಳ್ಳಿಗಿಂತ ಗುಂಡಿಯೇ ನೋಡಲು ಚೆನ್ನಾಗಿತ್ತು.

ಪಕ್ಕದ ಮನೆಯ ಅಜ್ಜಿ ಬಂದು ಗುಂಡಿಯನ್ನು ಮೆಚ್ಚಿ, "ಉಪ್ಪು ಹಾಕಿದ್ದೀರಾ?" ಎಂದು ಕೇಳಿದರು.

"ಉಪ್ಪು ಎಂತಕ್ಕೆ ಅಜ್ಜಿ?"

"ಎಂತಕ್ಕೆ ಅಂತ ಕೇಳ್ತೀಯಲ್ಲ ಮಾರಾಯ. ಉಪ್ಪು, ಬೂದಿ ಬೀಳದೆ ಯಾವುದರಲ್ಲಿ ಕಾಯಿ ಆಗ್ತದೆ?"

ಮಗು ಹೋದ ಮನೆ ಎಂಬ ಕನಿಕರದಿಂದ ಅಜ್ಜಿ ತಮ್ಮ ಮನೆಯಿಂದಲೇ ಉಪ್ಪು ತಂದು ಧಾರಾಳವಾಗಿ ಸುರಿದರು. ಕೆಲವೇ ದಿನಗಳಲ್ಲಿ ಎಲೆಯ ಅಂಚು ಸುಟ್ಟಂತೆ ಕಪ್ಪಾಯಿತು. ಅಕ್ಕ ಊಟ ಬಿಟ್ಟು ಬಳ್ಳಿಯ ಮುಂದೆ ಕೂತಳು. ಭಾವ ಹೇಳಿದಂತೆ ನಾನು ಮೇಲಿನ ಮಣ್ಣನ್ನೆಲ್ಲ ತೆಗೆದು, ಕೈಯಲ್ಲಿ ಬೊಬ್ಬೆ ಬರುವವರೆಗೆ ನೀರು ಸೇದಿ ಬುಡ ತೊಳೆದೆ. ಹೇಗೋ ಜೀವ ಉಳಿಯಿತು. ಅಜ್ಜಿ ಮತ್ತೊಮ್ಮೆ ಬಂದು, ಕರಟಿದ ಎಲೆಗಳನ್ನು ಮುಟ್ಟಿ ನೋಡಿ, ನಿಟ್ಟುಸಿರು ಬಿಟ್ಟು ಹೇಳಿದರು: "ಉಪ್ಪು ಕಮ್ಮಿ ಆಯ್ತು."

ಗೊರಬೆ

ಮಳೆಗಾಲ ಬಂತು. ನಮ್ಮ ಗುಂಡಿ ಕೆರೆಯಾಯಿತು. ಬಳ್ಳಿಗೆ ನೀರೇ ಶತ್ರುವಾದ ಮೇಲೆ ಭಾವ ಗುಂಡಿ ಮುಚ್ಚಿ, ಬುಡಕ್ಕೆ ಮಣ್ಣು ಏರಿಸಿ, ನೀರು ಹರಿದು ಹೋಗಲು ಕಣಿ ಕಡಿದರು. ಆದರೂ ಸಮಾಧಾನವಾಗದೆ, ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹೆಂಗಸರು ಮಳೆಗೆ ತಲೆಯ ಮೇಲಿಂದ ಹಾಕಿಕೊಳ್ಳುವ ಓಲೆಯ ಗೊರಬೆಯೊಂದನ್ನು ತಂದು ಬಳ್ಳಿಗೆ ಹೊದಿಸಿದರು. ದೂರದಿಂದ ನೋಡಿದರೆ ಯಾರೋ ಹೆಂಗಸು ಬಾವಿಯ ಬಳಿ ಕುಕ್ಕರಗಾಲಲ್ಲಿ ಕೂತಂತೆಯೇ ಇತ್ತು.

ಅಂಥ ಒಂದು ಸಂಜೆ ದೇವಸ್ಥಾನದ ಭಟ್ಟರು ಪ್ರಸಾದ ಹಿಡಿದು ಹಿತ್ತಿಲ ದಾರಿಯಿಂದ ಬಂದರು. ಗೊರಬೆಯ ಹತ್ತಿರ ನಿಂತು, "ಮಳೆಗೆ ಎಂತಕ್ಕೆ ಕೂತದ್ದು ಅಮ್ಮ? ಒಳಗೆ ಹೋಗಿ, ಜ್ವರ ಬಂದೀತು" ಎಂದು ಬುದ್ಧಿ ಹೇಳಿದರು. ಉತ್ತರ ಬರಲಿಲ್ಲ. ಇನ್ನೊಮ್ಮೆ ಹೇಳಿದರು. ಒಳಗೆ ಬಂದು ನೋಡಿದರೆ ಭಾವ ಒಂದು ಮೂಲೆಯಲ್ಲಿ, ಅಕ್ಕ ಇನ್ನೊಂದು ಮೂಲೆಯಲ್ಲಿ, ಇಬ್ಬರೂ ಸುಮ್ಮನೆ ಕೂತಿದ್ದಾರೆ.

ಭಟ್ಟರಿಗೆ ಬೇಸರವಾಯಿತು. ಪ್ರಸಾದವನ್ನು ನನ್ನ ಕೈಗೆ ಕೊಟ್ಟು ಕೇಳಿದರು: "ನಿಮ್ಮ ಮನೆಯಲ್ಲಿ ಒಳಗಿದ್ದವರಿಗೂ ಮಾತಿಲ್ಲ, ಹೊರಗೆ ಕೂತವರಿಗೂ ಮಾತಿಲ್ಲ. ನಾನು ನಿಮಗೆ ಎಂತ ಮಾಡಿದ್ದೇನೆ?"

ಕಾಲು ತೊಳೆದ ನೀರು

ಬಳ್ಳಿ ಬೆಳೆದು ಚಪ್ಪರ ಹತ್ತಿತು. ಎಲೆಯೋ ಎಲೆ. ಹೂವಿನ ಸುಳಿವಿಲ್ಲ. ಭಾವ ಪೇಟೆಯ ಹಣ್ಣಿನ ವ್ಯಾಪಾರಿಯನ್ನು ವಿಚಾರಿಸಿದರು. ಆತ ಬಿಜಾಪುರದ ಕಡೆಯವನು. "ನೀರು ಬಂದ್ ಮಾಡ್ರಿ. ಎಲಿ ಉದುರಲಿ, ಆಮ್ಯಾಲೆ ಕುಡಿ ಕತ್ತರಸ್ರಿ. ಹೊಟ್ಟಿ ತುಂಬ ನೀರು ಕುಡಿದ ಬಳ್ಳಿ ಎಲಿ ಬಿಡತೈತಿ, ಹಣ್ಣು ಬಿಡಂಗಿಲ್ಲ" ಎಂದ.

ಭಾವ ಅಂದು ಬಸ್ಸಿಗೂ ಕಾಯದೆ ನಡೆದುಕೊಂಡೇ ಮನೆಗೆ ಬಂದರು, ಮುಖದಲ್ಲಿ ಆಸೆ ಇತ್ತು. "ಒಂದು ಗೊಂಚಲು ಬಂದರೆ ಸಾಕು ಮಾರಾಯ, ಅವಳ ಕೈಯಲ್ಲಿ ಇಡ್ತೇನೆ. ಆಗಲಾದರೂ ಒಂದು ಮಾತು ಬಂದೀತು" ಎಂದು ನನ್ನೊಬ್ಬನಿಗೆ ಹೇಳಿದರು. ಆಮೇಲೆ ಚಾವಡಿಯಲ್ಲಿ ಕೂತು, ಇನ್ನು ಬಳ್ಳಿಗೆ ಯಾರೂ ತೊಟ್ಟು ನೀರು ಕೊಡಬಾರದು ಎಂದು ಅಕ್ಕನಿಗೆ ತಿಳಿಸಲು ಅಪ್ಪಣೆ ಮಾಡಿದರು. ನಾನು ತಿಳಿಸಿದೆ.

ಅಕ್ಕ ಅಕ್ಕಿ ಆರಿಸುವುದನ್ನು ನಿಲ್ಲಿಸಿ, "ಇನ್ನೊಮ್ಮೆಯಾ?" ಎಂದಳು. ಈ ಮಾತನ್ನು ಭಾವನಿಗೆ ದಾಟಿಸುವ ಧೈರ್ಯ ನನಗೆ ಬರಲಿಲ್ಲ. ಅವರಿಗೆ ಕೇಳಿಸಿತ್ತು. ಬೆಳಿಗ್ಗೆಯವರೆಗೆ ಅವರು ಯಾರ ಮುಖವನ್ನೂ ನೋಡಲಿಲ್ಲ.

ಮರುದಿನ ಬುಡವೆಲ್ಲ ಕೆಸರಾಗಿತ್ತು. ಭಾವ ನನ್ನನ್ನು ಕರೆದು, ನೀರು ಹಾಕಿದ್ದು ಯಾರು ಎಂದು ಕೇಳಿಸಿದರು.

"ನಾನು ಅಲ್ಲಿ ಕಾಲು ತೊಳೆದದ್ದು ಅಂತ ಹೇಳು" ಎಂದಳು ಅಕ್ಕ.

ಭಾವ ಬಗ್ಗಿ ಆ ಕೆಸರಿಗೆ ಬೆರಳು ಇಳಿಸಿ ನೋಡಿದರು. "ನಿನ್ನ ಅಕ್ಕನಿಗೆ ಒಟ್ಟು ಎಷ್ಟು ಕಾಲು ಉಂಟು ಅಂತ ಕೇಳು."

ಬೆಲ್ಲ

ಮಾತಿನಿಂದ ಆಗದ್ದನ್ನು ಭಾವ ಬೀಗದಿಂದ ಮಾಡಲು ಹೊರಟರು. ಬೆಳಿಗ್ಗೆ ಮನೆಗೆ ಬೇಕಾದಷ್ಟು ನೀರು ತಾವೇ ಸೇದಿಟ್ಟು, ಬಾವಿಯ ಹಗ್ಗವನ್ನು ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈ ಕಿಸೆಯಲ್ಲಿ ಹಾಕಿಕೊಂಡು ಕೋರ್ಟಿಗೆ ಹೋಗತೊಡಗಿದರು. ಮನೆಗೆಂದು ಇಟ್ಟ ನೀರನ್ನೇ ಅಕ್ಕ ಬಳ್ಳಿಗೆ ಹೊಯ್ಯುತ್ತಾಳೆಂಬುದು ಅವರಿಗೆ ಹೊಳೆಯಲಿಲ್ಲ.

ನಾನು ರಜೆಯಲ್ಲಿದ್ದ ಒಂದು ದಿನ, ಸುಡು ಮಧ್ಯಾಹ್ನ, ಬಜಪೆಯಿಂದ ನಮ್ಮ ದೊಡ್ಡ ಮಾವ ನಡೆದು ಬಂದರು. ಮನೆಗೆ ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು ಕೊಡುವುದು ನಮ್ಮಲ್ಲಿಯ ಕ್ರಮ. ಅಕ್ಕ ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು. ನೀರಿನ ಹಂಡೆ ಬರಿದಾಗಿತ್ತು. ನಾನು ಕೊಡಪಾನ ಹಿಡಿದು ಪಕ್ಕದ ಅಜ್ಜಿಯ ಮನೆಗೆ ಓಡಿದೆ. ಅಂಗಳ ಇಳಿಯುವಾಗ ಮಾವನ ಒಣಗಿದ ಸ್ವರ ಕೇಳಿಸಿತು.

"ಬೆಲ್ಲ ಬಂತು. ನೀರು ಎಲ್ಲಿ ಉಂಟು ಮಗಾ?"

"ಬೆಲ್ಲ ತಿನ್ನುತ್ತಾ ಇರಿ ಮಾವ," ಎಂದಳು ಅಕ್ಕ. "ಕೋರ್ಟು ಸಂಜೆಗೆ ಬಿಡ್ತದೆ."

ಭಾನುವಾರ

ಆ ಬಳ್ಳಿಯಲ್ಲಿ ಕೊನೆಗೂ ಹಣ್ಣಾಗಲಿಲ್ಲ. ಅದನ್ನು ಈಗಲೇ ಹೇಳಿದರೆ ನೀವು ಗೊಂಚಲಿಗಾಗಿ ಕಾಯುವ ಕಷ್ಟ ತಪ್ಪುತ್ತದೆ.

ಮಾವನ ಪ್ರಕರಣದ ನಂತರ ಗುಟ್ಟು ರಟ್ಟಾಗಿ, ಹಂಡೆಯ ಮೇಲೂ ಭಾವನ ಕಣ್ಣು ಬಿತ್ತು. ಬಳ್ಳಿ ನಿಜವಾಗಿಯೇ ಒಣಗತೊಡಗಿತು. ಬೇಸಗೆಯ ಬಿಸಿಲಿಗೆ ಎಲೆಗಳು ಜೋತುಬಿದ್ದು ಒಂದೊಂದಾಗಿ ಉದುರಿದವು. ಅದು ಸರಿಯಾದ ಲಕ್ಷಣವೋ ಸಾಯುವ ಲಕ್ಷಣವೋ ನಮಗೆ ಯಾರಿಗೂ ತಿಳಿಯದು. ಅಕ್ಕ ಹಿತ್ತಿಲ ಕಡೆ ಹೋಗುವುದನ್ನೇ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಮಗು ಹೋದ ವಾರವೂ ಅವಳು ಹಾಗೆಯೇ ಮಲಗಿದ್ದಳು. ನನಗೆ ಹೆದರಿಕೆಯಾಯಿತು.

ಭಾನುವಾರ ಮಧ್ಯಾಹ್ನ ಊಟವಾಗಿ ನಾನು ಮಲಗಿದ್ದೆ. ಬಾವಿಯ ರಾಟೆ ಕಿರುಗುಟ್ಟಿತು. ಹಗ್ಗ ಭಾವನ ಪೆಟ್ಟಿಗೆಯಲ್ಲಿರುವಾಗ ಇದು ಯಾರು ಎಂದು ಎದ್ದು ಹಿತ್ತಿಲ ಬಾಗಿಲಿಗೆ ಬಂದೆ. ಅಕ್ಕನೂ ಎದ್ದು ಬಂದಿದ್ದಳು.

ನೀರು ಸೇದುತ್ತಿದ್ದವರು ಭಾವ. ಒಂದು ಕೊಡಪಾನ ಸುರಿದು, ಇನ್ನೊಂದು ಸೇದಿ, ಅದನ್ನೂ ಸುರಿದರು. ಪಂಚೆ ಮೊಣಕಾಲಿನವರೆಗೆ ಒದ್ದೆ. ಬಳ್ಳಿಯ ಬುಡದಲ್ಲಿ ಕುಳಿತು, ಎಳೆ ಮಕ್ಕಳಿಗೆ ಹೇಳುವ ಸ್ವರದಲ್ಲಿ, "ಕುಡಿ ಮಗಾ, ಕುಡಿ. ಇನ್ನು ಯಾರೂ ಬೇಡ ಹೇಳುವುದಿಲ್ಲ" ಎನ್ನುತ್ತಿದ್ದರು. ಅವರು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಮಗು ಹೋದ ದಿನವೂ ನೋಡಿರಲಿಲ್ಲ.

ನಮ್ಮನ್ನು ಕಂಡು ತಟ್ಟನೆ ಎದ್ದರು. ಬೀಗ ಹಾಕಿದವರೇ ಕೊಡಪಾನದೊಂದಿಗೆ ಸಿಕ್ಕಿಬಿದ್ದರೆ ಯಾವ ಸಮಜಾಯಿಷಿ ಕೊಡುವುದು? ಕಾಲು ತೊಳೆದದ್ದು ಎನ್ನಲಿಕ್ಕೂ ಬಾಯಿ ಬರಲಿಲ್ಲ.

ಅಕ್ಕ ಮೆಟ್ಟಿಲಿಳಿದು ಹೋದಳು. ತುಂಬಿ ನಿಂತ ನೀರನ್ನು ನೋಡಿದಳು, ಭಾವನ ಮುಖವನ್ನು ನೋಡಿದಳು.

"ಅಷ್ಟು ಸುರಿಯಬೇಡಿ," ಎಂದಳು. "ಬೇರು ಕೊಳೆತೀತು."

ಇಷ್ಟು ಕಾಲದ ಅಭ್ಯಾಸ ನೋಡಿ, ನನ್ನ ನಾಲಗೆ ತನ್ನಷ್ಟಕ್ಕೆ ಹೊರಟಿತು: "ಭಾವ, ಅಷ್ಟು ಸುರಿಯಬೇಡಿ ಅಂತ ಅಕ್ಕ ಹೇಳ್ತಾಳೆ..."

ಭಾವ ಹೆಗಲ ಬೈರಾಸಿನಿಂದ ಕಣ್ಣು ಒರೆಸಿಕೊಂಡರು.

"ಕೇಳಿತು ಮಾರಾಯ," ಎಂದರು. "ನೀನು ಒಳಗೆ ಹೋಗಿ ಮಲಗು."