ಸದಾ ಹಸಿರಾಗಿರುವ ನಿಗಾ ಫಲಕಕ್ಕೊಂದು ಬಿನ್ನಹ

ನಿರ್ದೇಶಕರ ಕೋಣೆಯ ಗೋಡೆಯ ಮೇಲೆ ಹಸಿರು ಬೆಳಕಿನಲ್ಲಿ ವಿರಾಜಮಾನರಾಗಿ ಡೇಟಾಬೇಸಿನ ವೇಗದ ಮೇಲೆ ಕಣ್ಣಿಟ್ಟಿರುವ ನಿಗಾ ತಂತ್ರಾಂಶದವರೇ, ಮಾನ್ಯರೇ,

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಡೇಟಾಬೇಸ್ ನೋಡಿಕೊಂಡಿರುವ ಈ ಪಾಮರನ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾನು ಹೇಗೋ ಇದ್ದೇನೆ. ತಾವಂತೂ ಕ್ಷೇಮವನ್ನು ಬಿಟ್ಟು ಬೇರೇನನ್ನೂ ತೋರಿಸಿದವರೇ ಅಲ್ಲ.

ತಾವು ಆಯ್ಕೆಯಾದ ಬಗೆಯನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮೂರು ತಂತ್ರಾಂಶಗಳು ಕಣದಲ್ಲಿದ್ದವು. ಡೇಟಾಬೇಸ್ ಎಲ್ಲಿ ತಡವರಿಸುತ್ತಿದೆ, ಯಾವ ಹುಡುಕಾಟ ಯಾತಕ್ಕಾಗಿ ಕಾದು ಕೂತಿದೆ ಎಂಬುದನ್ನು ಸಾದಾ ಅಕ್ಷರಗಳಲ್ಲಿ ಹೇಳುತ್ತಿದ್ದ ಒಂದನ್ನು ನಾನು ಸೂಚಿಸಿದ್ದೆ. ಆಯ್ಕೆ ಸಮಿತಿಯವರು ಅದನ್ನು ನೋಡಿ ಮುಖ ಸಿಂಡರಿಸಿದರು. ತಮ್ಮನ್ನು ಮಾತ್ರ ಒಬ್ಬ ರೋಗಿಯ ವಿವರವೂ ಇಲ್ಲದ ಖಾಲಿ ಡೇಟಾಬೇಸಿನ ಮೇಲೆ ಪರೀಕ್ಷಿಸಿ, ತಾವು ಪರದೆಯ ಮೇಲೆ ಮೀಟರಿನ ಮುಳ್ಳು ತಿರುಗಿಸಿದ ಚೆಂದಕ್ಕೆ ಮನಸೋತ ಅಧ್ಯಕ್ಷರು, ಕಿಟಕಿಯ ಕರ್ಟನ್ನಿಗೆ ಹೊಂದುವ ಬಣ್ಣವೆಂದು ಷರಾ ಬರೆದು ಸಹಿ ಹಾಕಿದರು.

ಆದರೂ ಬಂದ ಹೊಸದರಲ್ಲಿ ತಾವು ಪ್ರಾಮಾಣಿಕರೇ ಆಗಿದ್ದಿರಿ. ಎರಡು ಸೆಕೆಂಡು ಮೀರಿದ ಪ್ರತಿ ಹುಡುಕಾಟವನ್ನೂ ಕೆಂಪಾಗಿ ತೋರಿಸಿದಿರಿ. ಅತಿಥಿಗಳ ಎದುರು ಕೆಂಪು ಶೋಭಿಸುವುದಿಲ್ಲವೆಂದು ಸಮಿತಿ ತುರ್ತು ಸಭೆ ಸೇರಿ, ಕೈ ಎತ್ತಿಸಿ ಮತ ಎಣಿಸಿ, ನಲವತ್ತು ಸೆಕೆಂಡು ದಾಟಿದರೆ ಮಾತ್ರ ನಿಧಾನವೆಂದು ತೀರ್ಮಾನಿಸಿತು. ಥರ್ಮಾಮೀಟರಿನ ಗೆರೆ ಬದಲಿಸಿ ವಾರ್ಡಿನ ಜ್ವರವನ್ನೆಲ್ಲ ಒಂದೇ ಏಟಿಗೆ ಇಳಿಸುವ ಈ ಚಿಕಿತ್ಸೆಯನ್ನು ನಮ್ಮ ವೈದ್ಯರು ಇನ್ನೂ ಕಲಿತಿಲ್ಲ.

ತುರ್ತು ವಾರ್ಡಿನ ಹಿರಿಯ ನರ್ಸ್, ನಾವೆಲ್ಲ ಅಕ್ಕ ಎಂದೇ ಕರೆಯುವವರು, ರೋಗಿಯ ರಕ್ತದ ವರದಿಗಾಗಿ ಗುಂಡಿ ಒತ್ತಿದರೆ ಮೂವತ್ತೆಂಟು ಸೆಕೆಂಡು ಪರದೆಯ ಮೇಲೆ ಚಕ್ರ ತಿರುಗುತ್ತದೆ; ತಮ್ಮ ಪ್ರಕಾರ ಅದು ಚುರುಕು. ಅಕ್ಕ ಈಗ ಕಾಯುವುದನ್ನೇ ಬಿಟ್ಟು, ಎರಡು ಮಹಡಿ ಇಳಿದು ಪ್ರಯೋಗಾಲಯಕ್ಕೆ ಓಡಿ, ಅಂಗೈ ಮೇಲೆ ಅಂಕಿ ಬರೆದುಕೊಂಡು ಏದುಸಿರು ಬಿಡುತ್ತ ಹತ್ತಿ ಬರುತ್ತಾರೆ. ಮೊನ್ನೆ ಬೆವರಿಗೆ ಒಂದು ಅಂಕಿ ಅಳಿಸಿಹೋಗಿ ಮತ್ತೆ ಇಳಿಯಬೇಕಾಯಿತು. "ನಿನ್ನ ಕಂಪ್ಯೂಟರಿಗಿಂತ ನನ್ನ ಮೊಣಕಾಲೇ ವಾಸಿ ಕಣಪ್ಪ" ಎಂದರು.

ಇದಕ್ಕೆ ಮದ್ದು ನನಗೆ ಗೊತ್ತು. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುವಂತೆ ವರದಿಗಳ ಕೋಷ್ಟಕಕ್ಕೂ ಒಂದು ಇಂಡೆಕ್ಸ್ ಹಾಕಬೇಕು, ಅದಕ್ಕೆ ಅರ್ಧ ಗಂಟೆ ಡೇಟಾಬೇಸ್ ನಿಲ್ಲಿಸುವ ಅನುಮತಿ ಬೇಕು. ನಾಲ್ಕು ಸಲ ಅರ್ಜಿ ಹಾಕಿದೆ. ಎಲ್ಲ ಹಸಿರಾಗಿರುವಾಗ ರಿಪೇರಿ ಯಾತಕ್ಕೆಂದು ನಾಲ್ಕು ಸಲವೂ ವಾಪಸು ಬಂತು. ಸಾಲದ್ದಕ್ಕೆ, ಕ್ಷಣಕ್ಕೊಮ್ಮೆ ಯೋಗಕ್ಷೇಮ ವಿಚಾರಿಸುವ ನೆಪದಲ್ಲಿ ಡೇಟಾಬೇಸಿನ ಕಾಲುಭಾಗ ಶಕ್ತಿಯನ್ನು ತಾವೇ ಹೀರುತ್ತಿದ್ದೀರಿ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಇಷ್ಟು ಅಂದವಾದ ನಕ್ಷೆಯಲ್ಲಿ ನೋಡುವ ಭಾಗ್ಯ ಎಷ್ಟು ಜನರಿಗುಂಟು?

ಆದ್ದರಿಂದ, ನಿರ್ದೇಶಕರ ಅತಿಥಿಗಳು ಕೂತಿರುವ ಹೊತ್ತು ನೋಡಿ ತಾವು ಒಂದೇ ಒಂದು ಸಲ, ನಾಚಿಕೆಯಿಂದಲಾದರೂ, ಕೆಂಪಗಾಗಬೇಕೆಂದು ಪ್ರಾರ್ಥಿಸುತ್ತೇನೆ. ಅದು ತಮ್ಮ ಘನತೆಗೆ ಕುಂದೆನಿಸಿದರೆ, ತುರ್ತು ರೋಗಿಗಳು ಮೊದಲ ನಲವತ್ತು ಸೆಕೆಂಡು ತಮ್ಮ ರಕ್ತವನ್ನು ತಾವೇ ಹಿಡಿದುಕೊಂಡಿರತಕ್ಕದ್ದು ಎಂದು ಒಂದು ಸುತ್ತೋಲೆಯನ್ನಾದರೂ ಹೊರಡಿಸಿ.

ಕೆಲಸದಲ್ಲಿರುವ ತನಕ ತಮ್ಮ ವಿಶ್ವಾಸಿ,
ನೆಲಮಾಳಿಗೆಯ ಡೇಟಾಬೇಸ್ ಕಾವಲುಗಾರ

ವಿ.ಸೂ.: ನಿನ್ನೆ ಮಧ್ಯಾಹ್ನ ಡೇಟಾಬೇಸ್ ಹನ್ನೊಂದು ನಿಮಿಷ ಪೂರ್ತಿ ನಿಂತೇಹೋಯಿತು. ಒಂದು ಹುಡುಕಾಟವೂ ನಡೆಯದ ಕಾರಣ ಒಂದೂ ನಿಧಾನವಾಗಲಿಲ್ಲವೆಂದು ತಾವು ನೂರಕ್ಕೆ ನೂರು ಅಂಕ ಕೊಟ್ಟಿರಿ. ಈ ವರ್ಷದ ಅತ್ಯುತ್ತಮ ಸಾಧನೆಯೆಂದು ಮೆಚ್ಚಿದ ನಿರ್ದೇಶಕರು, ಇದೇ ಸ್ಥಿತಿಯನ್ನು ಕಾಯಂ ಆಗಿ ಉಳಿಸಿಕೊಂಡು ಹೋಗುವಂತೆ ನನಗೆ ಲಿಖಿತ ಆದೇಶ ಕಳಿಸಿದ್ದಾರೆ.