ಹೈಡ್ರೋಜನ್ ಬಸ್ಸಿನ ಅಳಿಯ

ಅಪಾಯವೆಂದ ಮೇಲೆ ಅದಕ್ಕೊಂದು ವಾಸನೆ ಇರಬೇಕು ಎಂದು ನಂಬಿದವನು ನಾನು. ಬ್ಯಾಡಗಿಯ ಶಾಲೆಯಲ್ಲಿ ವಿಜ್ಞಾನದ ಮಾಸ್ತರನಾಗಿ ಆಯುಷ್ಯ ಕಳೆದವನಿಗೆ ಹಾಗನ್ನಿಸುವುದು ಸಹಜ. ಅಲ್ಲಿ ಒಂದು ಮೆಣಸಿನಕಾಯಿ ಚೀಲ ಬಿಚ್ಚಿದರೆ ಇಡೀ ಓಣಿ ಸೀನಿ ಎಚ್ಚರಗೊಳ್ಳುತ್ತದೆ. ಹೈಡ್ರೋಜನ್ನಿಗೆ ಆ ಸೌಜನ್ಯವಿಲ್ಲ. ವಾಸನೆಯಿಲ್ಲ, ಬಣ್ಣವಿಲ್ಲ, ಹತ್ತಿಕೊಂಡರೆ ಉರಿಯೂ ಸರಿಯಾಗಿ ಕಾಣುವುದಿಲ್ಲ. ಇದನ್ನು ಮಕ್ಕಳಿಗೆ ಕಲಿಸುವಾಗ ನನಗೇನೂ ಆಗಿರಲಿಲ್ಲ. ಮಗಳು ಶೋಭಾಳಿಗೆ ನೋಡಿದ ರಾಣೆಬೆನ್ನೂರಿನ ಹುಡುಗ, ಬಸ್ ಡ್ರೈವರ್ ಮಂಜುನಾಥ, ಸರಕಾರ ತರಲಿರುವ ಹೈಡ್ರೋಜನ್ ಬಸ್ಸು ಓಡಿಸುವ ತರಬೇತಿಗೆ ಹೆಸರು ಕೊಟ್ಟಿದ್ದಾನೆಂದು ತಿಳಿದಾಗಿನಿಂದ ಮಾತ್ರ ನಿದ್ದೆ ಹಾರಿಹೋಯಿತು.

ಹೆಂಡತಿಯ ಮುಂದೆ ಭಯವೆನ್ನಲು ನಾಚಿಕೆ. ಖರ್ಚಿನ ಮಾತು ತೆಗೆದೆ. ಆ ಒಂದು ಬಸ್ಸಿನ ದುಡ್ಡಿಗೆ ಹಲವು ಡೀಸೆಲ್ ಬಸ್ಸು ಬರುತ್ತವೆ. ಹಿಂದಿನ ಕೊಳವೆಯಿಂದ ಬರೀ ನೀರು ಬರುವುದೇನೋ ನಿಜ, ಆದರೆ ಗ್ಯಾಸ್ ತಯಾರಿಸಲು ಕಲ್ಲಿದ್ದಲಿನ ಕರೆಂಟು ಬಳಸಿದರೆ ಹೊಗೆ ಬೇರೆ ಊರಿನವರ ಪಾಲು, ನಮ್ಮ ಅಂಗಳದ ಕಸ ಪಕ್ಕದ ಅಂಗಳಕ್ಕೆ ಗುಡಿಸಿದಂತೆ ಎಂದೆಲ್ಲ ಭಾಷಣ ಬಿಗಿದೆ. ಆಕೆ ಹಿಟ್ಟು ನಾದುತ್ತಲೇ, "ಬಸ್ಸಿನ್ನೂ ಬಂದಿಲ್ಲ, ನೀವಾಗಲೇ ಅಂಜಿ ಸಾಯಾಕತ್ತೀರಿ. ಹುಡುಗ ಛಲೋ ಅದಾನ, ಶೋಭಾ ಒಪ್ಯಾಳ. ಏನರ ಮಾತಾಡಿ ಕೆಡಿಸಬ್ಯಾಡ್ರಿ" ಎಂದಳು. ನಾನು ಕೇಳಲಿಲ್ಲ. ಆ ತರಬೇತಿ ಬಿಟ್ಟುಬಿಡು ಎಂದು ಹುಡುಗನಿಗೆ ಹೇಳಿಬರಲು ಹೊರಟೇಬಿಟ್ಟೆ. ಬೀಗರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಈಗ ನಾವಿರುವ ಹಾವೇರಿಯ ಪೇಟೆಯಲ್ಲಿ ವೀಳ್ಯದೆಲೆಯ ಪೆಂಡಿ ಕೊಂಡು, ಬಾಡದಿರಲೆಂದು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಸಿ, ರಾಣೆಬೆನ್ನೂರಿನ ಬಸ್ಸಿನ ಬಾಗಿಲ ಬಳಿಯ ಸೀಟಿನಡಿ ತಳ್ಳಿ, ಚಹಾ ಕುಡಿಯಲು ಇಳಿದೆ.

ತಿರುಗಿ ಬಂದು ನೋಡುತ್ತೇನೆ: ಮೊದಲು ಹತ್ತಿದಾಗ ಗಮನಿಸಿರಲಿಲ್ಲ, ಹೊಚ್ಚ ಹೊಸ ಬಸ್ಸು, ಸದ್ದಿಲ್ಲ, ಹೊಗೆಯಿಲ್ಲ, ಮೆಟ್ಟಿಲ ಕೆಳಗೆ ತೊಟ್ಟಿಕ್ಕುವ ನೀರು! ಯಾರಿಗೂ ಹೇಳದೆ ಆ ಬಸ್ಸನ್ನು ಬಿಟ್ಟೇಬಿಟ್ಟಿದ್ದಾರೆ ಎಂದುಕೊಂಡೆ. "ಹೈಡ್ರೋಜನ್! ಇಳೀರಿ ಎಲ್ಲಾರೂ!" ಎಂದು ಕೂಗಿದೆ. ಜನ ಬಿದ್ದು ಎದ್ದು ಇಳಿದರು. ಹೆಂಗಸೊಬ್ಬರು ಚಪ್ಪಲಿಯನ್ನೇ ಬಿಟ್ಟು ಜಿಗಿದರು. ಕಂಡಕ್ಟರ್ ಬಗ್ಗಿ ನೋಡಿ ಪೆಂಡಿ ಎಳೆದ. "ಸರ, ಎಂಜಿನ್ ಇನ್ನ ಚಾಲೂನ ಮಾಡಿಲ್ಲ. ಸೋರಾಕತ್ತಿದ್ದು ಈ ಎಲಿರಿ. ಯಾರವಿವು?" ಎಂದ. ನನ್ನವು ಎಂದು ಒಪ್ಪಿಕೊಂಡು, ಪೆಂಡಿಯನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಬಸ್ಸಿನಲ್ಲಿ ಕೂತೆ.

ರಾಣೆಬೆನ್ನೂರಿನಲ್ಲಿ ಇಳಿದು, ಧೈರ್ಯಕ್ಕೆಂದು ಅಲ್ಲಿ ಇಲ್ಲಿ ಸುತ್ತಾಡಿ ಬೀಗರ ಮನೆ ಸೇರಿದರೆ ಪಡಸಾಲೆಯಲ್ಲಿ ಚಪ್ಪಲಿ ಬಿಟ್ಟು ಜಿಗಿದ ಅದೇ ಹೆಂಗಸು! ಕರ್ಜಗಿಯಿಂದ ಬಂದಿದ್ದ ಹುಡುಗನ ಸೋದರತ್ತೆಯಂತೆ. ಕಥೆ ಪೂರ್ತಿ ಹೇಳಿಯಾಗಿತ್ತು. ಯಾರೂ ನಗಲಿಲ್ಲ, ನನಗೆ ಅದೇ ಹೆದರಿಕೆ. ಹುಡುಗನ ತಾಯಿ, "ಮಾಸ್ತರ, ತಪ್ಪ ತಿಳ್ಕೋಬ್ಯಾಡ್ರಿ. ಹುಡುಗಿಗೂ ನಿಮ್ಮಂಗ ಅಂಜಿಕಿ ಐತೇನ್ರಿ? ಗಂಡ ಡ್ಯೂಟಿಗೆ ಹೊಂಟಾಗೆಲ್ಲ ಹಿಂಗ ಒದರಿದ್ರ ಸಂಸಾರ ಹ್ಯಾಂಗ? ಒಂದೀಟು ವಿಚಾರ ಮಾಡೂಣು" ಎಂದರು. ನನ್ನ ಪುಕ್ಕಲುತನಕ್ಕೆ ಮಗಳ ಮದುವೆಯೇ ಮುರಿಯುವುದಿತ್ತು. ತಕ್ಷಣ ಹೈಡ್ರೋಜನ್ ಬಸ್ಸಿನಷ್ಟು ಸುರಕ್ಷಿತವಾದ, ಸ್ವಚ್ಛವಾದ ವಾಹನ ಭೂಮಿಯ ಮೇಲೆ ಇನ್ನೊಂದಿಲ್ಲವೆಂದು ಬೆವರುತ್ತ ಸಾಧಿಸಿದೆ. ಮಂಜುನಾಥ ಖುಷಿಯಾಗಿ, "ಹಂಗಾರ ಮೊದಲ್ನೇ ಟ್ರಿಪ್ಪಿಗೆ ನೀವ ಬರ್ರಿ ಮಾವಾರ. ನನ್ನ ಹಿಂದಿನ ಸೀಟು ನಿಮಗ ಇಡ್ತೇನಿ" ಎಂದ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಬರೂಣಪಾ" ಎಂದೆ. ಮದುವೆ ನಿಶ್ಚಯವಾಯಿತು.

ಬಸ್ಸು ಇನ್ನೂ ಬಂದಿಲ್ಲ. ಬಹಳ ದುಬಾರಿಯಾಯಿತೆಂದು ಮುಂದಕ್ಕೆ ಹಾಕುತ್ತಿದ್ದಾರಂತೆ. ಜನರ ತೆರಿಗೆ ದುಡ್ಡು ಹಾಳು ಎಂದು ಮರುಗುತ್ತಿದ್ದ ನಾನು ಈಗ ದಿನವೂ ದೇವರ ಮುಂದೆ ನಿಂತು, ಆ ಬಸ್ಸಿನ ಬೆಲೆ ಇನ್ನೊಂದಿಷ್ಟು ಏರಲಪ್ಪಾ ಎಂದು ಬೇಡಿಕೊಳ್ಳುತ್ತೇನೆ.